ಕಡಲ ಮರಳಿನಲ್ಲಿ ಇಂಧನ ಕಂಡ ಹೋಮಿ ಭಾಭಾ

ಮನೆಮನೆಗೆ ವಿದ್ಯುತ್ ಬಾರದಿದ್ದ ಕಾಲದಲ್ಲಿ ನಮ್ಮ ಸಾಲಿಗ್ರಾಮದ ಕಡೆ ಮದುವೆಯಿರಲಿ, ಯಕ್ಷಗಾನದ ಆಟವಿರಲಿ, ಬೆಳಕಿಗೆ ಗ್ಯಾಸ್‌ಲೈಟೇ ಬೇಕಿತ್ತು. ಅದರ ಬಿಳಿ ಮ್ಯಾಂಟಲ್ ಹಿರಿಯರಿಗೆ ನೆನಪಿರಬಹುದು. ಆ ಮ್ಯಾಂಟಲ್ ಅಷ್ಟು ಪ್ರಕಾಶ ಕೊಡುತ್ತಿದ್ದುದು ಥೋರಿಯಂ ಎಂಬ ಮೂಲವಸ್ತುವಿನಿಂದ. ಇದೇ ಥೋರಿಯಂನಲ್ಲಿ ದೇಶದ ಭವಿಷ್ಯದ ಇಂಧನವನ್ನು ಕಂಡವರು ಡಾ. ಹೋಮಿ ಜಹಾಂಗೀರ್ ಭಾಭಾ.

ಅವರು 1909ರ ಅಕ್ಟೋಬರ್ 30ರಂದು ಮುಂಬಯಿಯ ಪಾರ್ಸಿ ಕುಟುಂಬವೊಂದರಲ್ಲಿ ಜನಿಸಿದರು. ಅದೇ ವರ್ಷ ಜರ್ಮನಿಯ ರಸಾಯನತಜ್ಞ ಶೋಮ್‌ಬರ್ಗ್ ತಿರುವಾಂಕೂರು ಕರಾವಳಿಯ ಮರಳಿನಲ್ಲಿ ಥೋರಿಯಂ ಇರುವ ಮೋನಜೈಟ್ ಖನಿಜವನ್ನು ಗುರುತಿಸಿದರು. ಮ್ಯಾಂಟಲ್ ತಯಾರಿಕೆಗಾಗಿ ಆ ಮರಳು ಹಡಗಿನಲ್ಲಿ ವಿದೇಶಕ್ಕೆ ಹೋಗತೊಡಗಿತು.

ಮಗ ಇಂಜಿನಿಯರ್ ಆಗಲಿ ಎಂದು ತಂದೆ ಅವರನ್ನು ಕೇಂಬ್ರಿಜ್‌ಗೆ ಕಳುಹಿಸಿದರು. ಆ ಪರೀಕ್ಷೆಯಲ್ಲಿ ತೇರ್ಗಡೆಯಾದ ಭಾಭಾ ಅನಂತರ ಭೌತವಿಜ್ಞಾನದತ್ತ ತಿರುಗಿದರು. 1939ರಲ್ಲಿ ರಜೆಗೆಂದು ಊರಿಗೆ ಬಂದಿದ್ದಾಗ ಮಹಾಯುದ್ಧ ಆರಂಭವಾಯಿತು, ಮರಳಿ ಹೋಗಲಾಗಲಿಲ್ಲ. ಸರ್ ಸಿ.ವಿ. ರಾಮನ್ ಅವರಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿ ವಿಶ್ವಕಿರಣಗಳ ಸಂಶೋಧನೆ ನಡೆಸಿದರು. ಯುದ್ಧ ಮುಗಿದ ಮೇಲೆ ವಿದೇಶಕ್ಕೆ ಹೋಗುವ ಯೋಚನೆಯನ್ನು ಬಿಟ್ಟರು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲೇ ಆರಂಭವಾಗಿ ಅದೇ ವರ್ಷ ಮುಂಬಯಿಗೆ ಹೋಯಿತು. 1948ರಲ್ಲಿ ಅವರು ಪರಮಾಣು ಶಕ್ತಿ ಆಯೋಗದ ಮೊದಲ ಅಧ್ಯಕ್ಷರಾದರು.

ಅವರ ಮುಂದಿದ್ದ ಪ್ರಶ್ನೆ ಒಂದೇ: ನಮ್ಮ ನೆಲದಲ್ಲಿ ಪ್ರಕೃತಿ ಏನನ್ನು ಉಳಿಸಿದೆ? ಥೋರಿಯಂ, ಯುರೇನಿಯಂಗಳಂಥ ಭಾರವಾದ ಮೂಲವಸ್ತುಗಳು ಭೂಮಿ ಹುಟ್ಟುವ ಮೊದಲೇ ನಕ್ಷತ್ರಲೋಕದ ಸ್ಫೋಟಗಳಲ್ಲಿ ಉಂಟಾದವು. ಇವು ವಿಕಿರಣ ಸೂಸುತ್ತಾ ಸವೆಯುತ್ತವೆ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಥೋರಿಯಂ ಅರ್ಧಕ್ಕಿಳಿಯಲು ಸುಮಾರು 1,400 ಕೋಟಿ ವರ್ಷ ಬೇಕು. ಆದ್ದರಿಂದ ಅದರ ಬಹುಪಾಲು ಇನ್ನೂ ಉಳಿದಿದೆ. ಸುಲಭವಾಗಿ ಸೀಳಿ ಶಕ್ತಿ ಕೊಡುವ ಯುರೇನಿಯಂ-235 ಸುಮಾರು 70 ಕೋಟಿ ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ಹಾಗಾಗಿ ಇಂದು ಯುರೇನಿಯಂನ ಸಾವಿರ ಪರಮಾಣುಗಳಲ್ಲಿ ಅಂಥವು ಏಳು ಮಾತ್ರ. ಪ್ಲುಟೋನಿಯಂ-239ರ ಅರ್ಧಾಯುಷ್ಯ 24,000 ವರ್ಷ ಮಾತ್ರ. ಪ್ರಕೃತಿಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ.

ಮೋನಜೈಟ್ ಬೆಟ್ಟದ ಕಲ್ಲಿನೊಳಗೆ ಹುಟ್ಟುತ್ತದೆ. ಮಳೆ ಕಲ್ಲನ್ನು ಸವೆಸುತ್ತದೆ, ಹೊಳೆ ಅದನ್ನು ಕಡಲಿಗೆ ಒಯ್ಯುತ್ತದೆ. ಬಿಳಿ ಮರಳಿಗಿಂತ ಎರಡರಷ್ಟು ಭಾರವಾದ್ದರಿಂದ ಅಲೆಗಳು ಹಗುರ ಮರಳನ್ನು ಎಳೆದೊಯ್ದಾಗ ಇದು ದಡದಲ್ಲೇ ನಿಲ್ಲುತ್ತದೆ. ಕೇರಳ, ತಮಿಳುನಾಡಿನ ತೀರಗಳಲ್ಲಿ ಇದು ಹೇರಳ.

ಆದರೆ ಥೋರಿಯಂ ತಾನಾಗಿ ಇಂಧನವಾಗದು. ಅದನ್ನು ರಿಯಾಕ್ಟರಿನಲ್ಲಿಟ್ಟು ಯುರೇನಿಯಂ-233 ಆಗಿ ಪರಿವರ್ತಿಸಬೇಕು. ಅದಕ್ಕಾಗಿ ಭಾಭಾ ಮೂರು ಹಂತಗಳ ಯೋಜನೆ ರೂಪಿಸಿದರು: ಮೊದಲು ಯುರೇನಿಯಂ, ಬಳಿಕ ಅದರಿಂದ ದೊರೆತ ಪ್ಲುಟೋನಿಯಂ, ಕೊನೆಗೆ ಥೋರಿಯಂ. 1952ರಲ್ಲಿ ಕೇರಳದ ಆಲುವಾದಲ್ಲಿ ಮೋನಜೈಟ್ ಸಂಸ್ಕರಿಸುವ ಕಾರ್ಖಾನೆ ಆರಂಭವಾಯಿತು. 1956ರಲ್ಲಿ ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರ್ ಕೆಲಸ ಶುರುಮಾಡಿತು.

ಅವಿವಾಹಿತರಾಗಿದ್ದ ಭಾಭಾ ಚಿತ್ರ ಬರೆಯುತ್ತಿದ್ದರು, ಸಂಗೀತಪ್ರಿಯರಾಗಿದ್ದರು. 1966ರ ಜನವರಿ 24ರಂದು ವಿಯೆನ್ನಾಕ್ಕೆ ಹೊರಟಿದ್ದಾಗ ಅವರಿದ್ದ ವಿಮಾನ ಆಲ್ಪ್ಸ್‌ನ ಮೌಂಟ್ ಬ್ಲಾಂಕ್‌ಗೆ ಅಪ್ಪಳಿಸಿತು. ಅವರಿಗಾಗ 56 ವರ್ಷ.

ನಮ್ಮ ಕರಾವಳಿಯ ಉತ್ತರದಲ್ಲಿರುವ ಕೈಗಾ ಸ್ಥಾವರ 2000ದಲ್ಲಿ ಕಾರ್ಯಾರಂಭ ಮಾಡಿತು. ಅದು ಆ ಯೋಜನೆಯ ಮೊದಲ ಹಂತಕ್ಕೆ ಸೇರಿದ್ದು. ಥೋರಿಯಂನಿಂದ ದೊಡ್ಡ ಪ್ರಮಾಣದ ವಿದ್ಯುತ್ ಪಡೆಯುವ ಕನಸು ಇನ್ನೂ ಪೂರ್ತಿಯಾಗಿಲ್ಲ. ವಿದ್ಯಾರ್ಥಿ ಮಿತ್ರರೇ, ಪ್ರಕೃತಿ ಕೊಟ್ಟದ್ದು ಮರಳು ಮಾತ್ರ. ಅದನ್ನು ಬೆಳಕಾಗಿಸಲು ವಿದ್ಯೆ ಬೇಕು. ಉಳಿದ ಕೆಲಸ ನಿಮಗಾಗಿ ಕಾದಿದೆ.