ನೌಕರಿ ತಪ್ಪಿತು, ನಕ್ಷತ್ರ ದಕ್ಕಿತು

ಮೇಘನಾದ ಸಹಾ ಹುಟ್ಟಿದ್ದು 1893ರ ಅಕ್ಟೋಬರ್ 6ರಂದು, ಢಾಕಾ ಸಮೀಪದ ಹಳ್ಳಿಯೊಂದರಲ್ಲಿ. ತಂದೆಯದು ಪುಟ್ಟ ದಿನಸಿ ಅಂಗಡಿ, ಮನೆ ತುಂಬ ಮಕ್ಕಳು. ಮುಂದೆ ಓದಿಸುವ ಶಕ್ತಿ ಅವರಿಗಿರಲಿಲ್ಲ. ಮೈಲಿಗಟ್ಟಲೆ ದೂರದ ಊರಿನ ವೈದ್ಯರೊಬ್ಬರು ಮನೆಯಲ್ಲಿ ಇರಿಸಿಕೊಂಡಿದ್ದರಿಂದ ಓದು ಸಾಗಿತು.

ವಿದ್ಯಾರ್ಥಿವೇತನ ಪಡೆದು ಢಾಕಾದ ಸರ್ಕಾರಿ ಶಾಲೆ ಸೇರಿದರು. 1905ರಲ್ಲಿ ಬಂಗಾಳ ವಿಭಜನೆಯ ವಿರುದ್ಧ ಹೋರಾಟ ಕಾವೇರಿತ್ತು. ಗವರ್ನರ್ ಭೇಟಿಯನ್ನು ಬಹಿಷ್ಕರಿಸಿದ್ದಕ್ಕೆ ಶಾಲೆಯೂ ಹೋಯಿತು, ವಿದ್ಯಾರ್ಥಿವೇತನವೂ ಹೋಯಿತು. ಬೇರೆ ಶಾಲೆಯಲ್ಲಿ ಓದಿ ಕೋಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿಗೆ ಬಂದರು. ಅಲ್ಲಿನ ಹಾಸ್ಟೆಲ್‌ನಲ್ಲಿ ಜಾತಿಯ ಕಾರಣಕ್ಕೆ ಉಳಿದವರ ಪಂಕ್ತಿಯಲ್ಲಿ ಕೂತು ಉಣ್ಣಲಾಗದ ಅವಮಾನವನ್ನೂ ನುಂಗಿದರು. 1915ರ ಎಂ.ಎಸ್ಸಿ.ಯಲ್ಲಿ ಎರಡನೆಯ ಸ್ಥಾನ. ಮೊದಲನೆಯವರು ಸಹಪಾಠಿ ಸತ್ಯೇಂದ್ರನಾಥ ಬೋಸ್.

ಮನೆಯ ಕಷ್ಟ ನೀಗಲು ಸರ್ಕಾರದ ಹಣಕಾಸು ಸೇವೆಯ ಪರೀಕ್ಷೆ ಬರೆಯಬೇಕೆಂದಿದ್ದರು. ಕ್ರಾಂತಿಕಾರಿಗಳ ಒಡನಾಟವಿದೆಯೆಂದು ಅನುಮತಿಯೇ ಸಿಗಲಿಲ್ಲ. ಟ್ಯೂಷನ್ ಹೇಳಿಕೊಂಡು ದಿನ ದೂಡಿದ ಅವರು 1916ರಲ್ಲಿ ವಿಶ್ವವಿದ್ಯಾಲಯದ ಉಪನ್ಯಾಸಕರಾದರು. ಆ ಬಾಗಿಲು ಮುಚ್ಚಿದ್ದರಿಂದಲೇ ವಿಜ್ಞಾನಕ್ಕೆ ಲಾಭವಾಯಿತು.

ಅನಿಲವನ್ನು ಕಾಯಿಸಿದರೆ ಪರಮಾಣುಗಳಿಂದ ಎಲೆಕ್ಟ್ರಾನ್ ಕಳಚಿಕೊಳ್ಳುತ್ತದೆ. ಇದೇ ಅಯಾನೀಕರಣ. ಎಷ್ಟು ಪರಮಾಣುಗಳು ಹೀಗಾಗುತ್ತವೆ? ಶಾಖವಷ್ಟೇ ಅಲ್ಲ, ಒತ್ತಡವೂ ಇದನ್ನು ನಿರ್ಧರಿಸುತ್ತದೆ, ಒತ್ತಡ ತಗ್ಗಿದಷ್ಟೂ ಅಯಾನೀಕರಣ ಸುಲಭ ಎಂದು 1920ರಲ್ಲಿ ಸಹಾ ಸಮೀಕರಣದಲ್ಲಿ ತೋರಿಸಿದರು. ನಕ್ಷತ್ರದ ಬೆಳಕಿನಿಂದ ಅದರ ಶಾಖವನ್ನು ಅಳೆಯುವ ದಾರಿ ತೆರೆಯಿತು.

ಸೂರ್ಯನ ಮೇಲ್ಮೈಯಲ್ಲಿ ಹೈಡ್ರೋಜನ್ ಬಹುಪಾಲು ಅಯಾನೀಕರಣಗೊಂಡಿರುವುದಿಲ್ಲ. ಇಂಥ ಅರೆ ಅಯಾನೀಕೃತ ಪ್ಲಾಸ್ಮಾದಲ್ಲಿ ಕಾಂತಕ್ಷೇತ್ರ ಹಿಡಿದಿಡುವುದು ವಿದ್ಯುದಾವೇಶವುಳ್ಳ ಕಣಗಳನ್ನು ಮಾತ್ರ. ತಟಸ್ಥ ಪರಮಾಣುಗಳಿಗೆ ಆ ಹಿಡಿತ ತಟ್ಟುವುದು ಇವುಗಳ ಡಿಕ್ಕಿಯ ಮೂಲಕ. ಡಿಕ್ಕಿ ಸಾಲದಿದ್ದರೆ ಅವು ಜಾರುತ್ತವೆ. ಸೂರ್ಯನ ಹೊರವಲಯದಲ್ಲಿ ತೂಗುವ ತಂಪಾದ, ಭಾರವಾದ ಅನಿಲದ ಮೋಡಗಳ ಅಡಿಭಾಗ ಕದಡಿ ಬೆರಳುಗಳಂತೆ ಇಳಿಬೀಳುವ ಅಸ್ಥಿರತೆಯನ್ನು ಲೆಕ್ಕ ಹಾಕುವಾಗ ಮೊದಲು ಏಳುವ ಪ್ರಶ್ನೆ, ಅಯಾನುಗಳ ಪಾಲೆಷ್ಟು ಎಂಬುದು. ಅದನ್ನು ಅಂದಾಜಿಸಲು ಸಹಾ ಸಮೀಕರಣವೂ ಒಂದು ಆರಂಭದ ಹೆಜ್ಜೆ.

1927ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಕೋಲ್ಕತ್ತದಲ್ಲಿ ಪರಮಾಣು ಭೌತವಿಜ್ಞಾನ ಸಂಸ್ಥೆ ಕಟ್ಟಿದರು. 1952ರಲ್ಲಿ ಲೋಕಸಭೆಗೆ ಗೆದ್ದರು. 1956ರ ಫೆಬ್ರುವರಿ 16ರಂದು ದೆಹಲಿಯಲ್ಲಿ ಯೋಜನಾ ಆಯೋಗದ ಕಚೇರಿಗೆ ಹೋಗುವಾಗ ಕುಸಿದು ತೀರಿಕೊಂಡರು.

ಅರ್ಜಿ ತಿರಸ್ಕೃತವಾದಾಗ ಬದುಕೇ ಮುಗಿಯಿತೆಂದುಕೊಳ್ಳುವವರು ನಮ್ಮಲ್ಲಿ ಬಹಳ. ಪರೀಕ್ಷೆಗೂ ಕೂರಗೊಡದ ಸರ್ಕಾರದ ಅಧಿಕಾರಿಗಳ ಹೆಸರು ಇಂದು ಯಾರಿಗೂ ನೆನಪಿಲ್ಲ. ಸಹಾ ಹೆಸರು ಮಾತ್ರ ಖಭೌತವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಉಳಿದಿದೆ.