ಆಲ್ಫ್ರೆಡ್ ನೊಬೆಲನ ಚರಿತ್ರೆ

ಘಟ್ಟದ ಕೆಳಗಿನ ಊರುಗಳಲ್ಲಿ ವಾಸಿಸುವ ನಮ್ಮ ವಾಚಕರಿಗೆ ಕಲ್ಲಿನ ಗುಣವನ್ನು ಮತ್ತೊಬ್ಬರು ತಿಳಿಸಬೇಕಾದದ್ದಿಲ್ಲ. ಕುಮಟಾ ತಾಲೂಕಿನ ಸಂತೆಗುಳಿಯ ಸುತ್ತಿನಲ್ಲಿಯೂ ಹೊನ್ನಾವರ ಭಟ್ಕಳಗಳ ಕಡೆಯಲ್ಲಿಯೂ ಹಿರಿಯರು ಮನೆಯ ಗೋಡೆಗೆ ಬೇಕಾದ ಚಿರೆಕಲ್ಲನ್ನು ಕೈಯ ಆಯುಧದಿಂದಲೇ ಕಡಿದು ತೆಗೆಯುತ್ತಿದ್ದರು. ಆದರೆ ಬಾವಿ ತೋಡುವಾಗ ಕರಿಕಲ್ಲು ಎದುರಾಯಿತೆಂದರೆ ಆ ಆಯುಧವು ಸೋತುಹೋಗುವದು. ಪೂರ್ವಕಾಲದವರು ಅಂಥ ಬಂಡೆಯ ಮೇಲೆ ಸೌದೆಯನ್ನೊಟ್ಟಿ ಸುಟ್ಟು, ಕಾದ ಕಲ್ಲಿನ ಮೇಲೆ ನೀರು ಹೊಯ್ದು ಅದನ್ನು ಸೀಳುತ್ತಿದ್ದರು. ಅನಂತರ ಪೆಟ್ಲುಪ್ಪು, ಗಂಧಕ, ಇದ್ದಲು ಇವುಗಳನ್ನು ಬೆರಸಿದ ಕರಿಮದ್ದು ಬಂದಿತು. ಕಲ್ಲಿನಲ್ಲಿ ಕುಳಿ ಹೊಡೆದು, ಮದ್ದು ತುಂಬಿ, ಬೆಂಕಿ ತಾಗಿಸಿ ಓಡುವ ಕ್ರಮವು ಯುರೋಪಿನ ಗಣಿಗಳಲ್ಲಿ ೧೭ನೆಯ ಶತಮಾನದಲ್ಲಿ ಆರಂಭವಾಯಿತು. ೧೮೩೧ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ವಿಲಿಯಂ ಬಿಕ್‌ಫರ್ಡನು ನಿಧಾನವಾಗಿ ಉರಿಯುವ ಬತ್ತಿಯನ್ನು ಕಂಡುಹಿಡಿದದ್ದರಿಂದ ಓಡುವವನಿಗೆ ಸ್ವಲ್ಪ ಸಮಯ ದೊರಕಿತು. ಧಾರವಾಡ ಸೀಮೆಯ ಹತ್ತಿಯು ಘಟ್ಟವಿಳಿದು ಕುಮಟೆಯ ಬಂದರಕ್ಕೆ ಬರುತ್ತಿದ್ದ ಮೊದಲಿನ ದಿನಗಳಲ್ಲಿ, ದಾರಿ ಕಡಿಯುವವರಿಗೆ ಉಳಿ, ಸುತ್ತಿಗೆ, ಕರಿಮದ್ದುಗಳ ಹೊರತು ಬೇರೆ ಸಹಾಯವಿರಲಿಲ್ಲ.

ಆ ಕರಿಮದ್ದಿನ ಕಾಲವನ್ನು ಮುಗಿಸಿದವನು ಸ್ವೀಡನ್ ದೇಶದ ಆಲ್ಫ್ರೆಡ್ ನೊಬೆಲನು. ಅವನ ಹೆಸರಿನ ಬಹುಮಾನವನ್ನು ಕುರಿತು ಶಾಲೆಯ ಮಕ್ಕಳು ಸಹ ಕೇಳಿರುವರು. ಆದರೆ ಆ ದ್ರವ್ಯವು ಎಲ್ಲಿಂದ ಬಂದಿತು, ಅದಕ್ಕಾಗಿ ಎಷ್ಟು ಕಣ್ಣೀರು ಸುರಿಯಿತು ಎಂಬದನ್ನು ಬಲ್ಲವರು ಸ್ವಲ್ಪವೇ. ಆದದರಿಂದ ಅವನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ಆಲ್ಫ್ರೆಡನು ೧೮೩೩ನೆಯ ಇಸವಿ ಅಕ್ಟೋಬರ ೨೧ರಲ್ಲಿ ಸ್ಟಾಕ್‌ಹೋಮ್ ಪಟ್ಟಣದಲ್ಲಿ ಹುಟ್ಟಿದನು. ತಂದೆಯಾದ ಇಮ್ಮಾನುವೇಲನು ಕಟ್ಟಡ ಕಟ್ಟುವವನೂ ಹೊಸ ಯುಕ್ತಿಗಳನ್ನು ಹೂಡುವವನೂ ಆಗಿದ್ದನು; ಆದರೆ ಮಗನು ಹುಟ್ಟಿದ ವರುಷದಲ್ಲಿಯೇ ದಿವಾಳಿಯಾದನು. ಮುಂದೆ ಅವನು ಜೀವನೋಪಾಯವನ್ನು ಹುಡುಕುತ್ತಾ ಪರದೇಶಕ್ಕೆ ಹೋದನು. ತಾಯಿಯಾದ ಆಂಡ್ರಿಯೆಟ್ಟಳು ಒಂದು ಚಿಕ್ಕ ಅಂಗಡಿಯನ್ನಿಟ್ಟು ಮಕ್ಕಳನ್ನು ಸಾಕಿದಳು. ಆಲ್ಫ್ರೆಡನು ಹುಟ್ಟಿನಿಂದಲೇ ರೋಗಿಷ್ಟನಾಗಿದ್ದು ತಾಯಿಯ ಆರೈಕೆಯಿಂದಲೇ ಬದುಕಿ ಉಳಿದನು. ಅವಳು ಜೀವಿಸಿರುವ ವರೆಗೂ ಅವನು ಆ ಋಣವನ್ನು ಮರೆಯಲಿಲ್ಲ.

ತಂದೆಯು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿ ಅನುಕೂಲಸ್ಥನಾದ ಮೇಲೆ, ೧೮೪೨ರಲ್ಲಿ ತಾಯಿಮಕ್ಕಳು ಅಲ್ಲಿಗೆ ಹೋದರು. ಆಲ್ಫ್ರೆಡನು ಶಾಲೆಯಲ್ಲಿ ಕಲಿತದ್ದು ಬಹಳ ಕಡಿಮೆ. ಮನೆಗೆ ಬಂದ ಉಪಾಧ್ಯಾಯರಿಂದಲೇ ಹದಿನೇಳನೆಯ ವಯಸ್ಸಿನೊಳಗೆ ಐದು ಭಾಷೆಗಳನ್ನೂ ರಸಾಯನಶಾಸ್ತ್ರವನ್ನೂ ಅಭ್ಯಾಸಮಾಡಿದನು. ತರುವಾಯ ತಂದೆಯು ಅವನನ್ನು ದೇಶಸಂಚಾರಕ್ಕೆ ಕಳುಹಿಸಿದಾಗ ಪ್ಯಾರಿಸಿನಲ್ಲಿ ಪೆಲೂಜ್ ಎಂಬ ಪಂಡಿತನ ಪ್ರಯೋಗಶಾಲೆಯಲ್ಲಿ ಕೆಲಸಮಾಡಿದನು. ಈ ಪೆಲೂಜನ ಬಳಿಯಲ್ಲಿ ಹಿಂದೆ ಕಲಿತಿದ್ದ ಇಟಲಿಯ ಅಸ್ಕಾನಿಯೋ ಸೊಬ್ರೆರೋ ಎಂಬವನು ೧೮೪೭ರ ಸುಮಾರಿಗೆ ಒಂದು ಭಯಂಕರವಾದ ಎಣ್ಣೆಯನ್ನು ಕಂಡುಹಿಡಿದಿದ್ದನು. ಸಾಬೂನು ಮಾಡುವಾಗ ದೊರೆಯುವ ಗ್ಲಿಸರಿನ್ ಎಂಬ ಸೌಮ್ಯವಾದ ದ್ರವವೇ ಅದಕ್ಕೆ ಮೂಲವು. ಇದೇ ನೈಟ್ರೋಗ್ಲಿಸರಿನ್. ಕರಿಮದ್ದಿಗಿಂತ ಇದರ ಬಲವು ಎಷ್ಟೋ ಹೆಚ್ಚು. ಆದರೆ ಅದು ಯಾವಾಗ ಸಿಡಿಯುವದು ಯಾವಾಗ ಸಿಡಿಯದು ಎಂಬದನ್ನು ಯಾರೂ ಅರಿಯರು. ಸೊಬ್ರೆರೋವಿನ ಮುಖಕ್ಕೇ ಅದರಿಂದ ಗಾಯವಾಯಿತು. ಇದು ಮನುಷ್ಯರ ಉಪಯೋಗಕ್ಕೆ ಬರುವಂಥದಲ್ಲವೆಂದು ಅವನು ಅದರ ಆಶೆಯನ್ನು ಬಿಟ್ಟುಬಿಟ್ಟನು.

ಕ್ರಿಮಿಯಾದ ಯುದ್ಧಕಾಲದಲ್ಲಿ ನೊಬೆಲ್ ಮನೆತನದವರು ರಷ್ಯಾದ ಸರಕಾರಕ್ಕೆ ಯುದ್ಧಸಾಮಗ್ರಿಯನ್ನು ಒದಗಿಸುತ್ತಿದ್ದರು. ೧೮೫೬ರಲ್ಲಿ ಸಮಾಧಾನವಾದ ಮೇಲೆ ಕೆಲಸವು ನಿಂತುಹೋಗಿ ತಂದೆಯು ಎರಡನೆಯ ಸಾರಿ ದಿವಾಳಿಯಾದನು. ಅವನೂ ತಾಯಿಯೂ ಕಿರಿಯ ಮಗನಾದ ಎಮಿಲನೂ ಸ್ಟಾಕ್‌ಹೋಮಿಗೆ ಹಿಂತಿರುಗಿದರು. ೧೮೬೩ರಲ್ಲಿ ಆಲ್ಫ್ರೆಡನೂ ಅಲ್ಲಿಗೆ ಬಂದು ಸೇರಿದನು. ಸೊಬ್ರೆರೋ ಬಿಟ್ಟದ್ದನ್ನು ಇವನು ಕೈಗೆತ್ತಿಕೊಂಡನು.

ಕರಿಮದ್ದಿಗೆ ಕಿಡಿ ಸೋಕಿದರೆ ಸಾಕು. ಈ ಎಣ್ಣೆಯಾದರೋ ಬೆಂಕಿಗೆ ಒಮ್ಮೆ ಸುಮ್ಮನೆ ಉರಿದುಹೋಗುವದು, ಒಮ್ಮೆ ಸಿಡಿಯುವದು. ಇದನ್ನು ಎಬ್ಬಿಸತಕ್ಕದ್ದು ಬೆಂಕಿಯಲ್ಲ, ಬಲವಾದ ಪೆಟ್ಟು ಎಂದು ಆಲ್ಫ್ರೆಡನು ಗ್ರಹಿಸಿದನು. ಬೇರೊಂದು ಮದ್ದಿನ ಚಿಕ್ಕ ಸಿಡಿತವು ದೊಡ್ಡ ಸಿಡಿತವನ್ನು ಎಬ್ಬಿಸುವಂತೆ ಅವನು ಏರ್ಪಡಿಸಿದನು. ಮೊದಲು ಮರದ ಬೆಣೆಯೊಳಗೆ ಕರಿಮದ್ದನ್ನಿಟ್ಟು ಇದನ್ನು ಸಾಧಿಸಿ, ೧೮೬೫ರಲ್ಲಿ ಲೋಹದ ಚಿಕ್ಕ ಕೊಳವೆಯನ್ನು ಅದರ ಸ್ಥಾನದಲ್ಲಿಟ್ಟನು. ಕಲ್ಲು ಒಡೆಯುವವರು ಕೇಪು ಎಂದು ಕರೆಯುವದು ಇದನ್ನೇ. ಬಲವನ್ನು ಹುಟ್ಟಿಸುವದಕ್ಕಿಂತಲೂ, ಕರೆಯುವ ವರೆಗೆ ಅದು ಕಾದಿರುವಂತೆ ಮಾಡುವದು ಕಷ್ಟವೆಂಬದನ್ನು ಅವನ ಮುಂದಿನ ಜೀವಮಾನವೆಲ್ಲಾ ತೋರಿಸುತ್ತದೆ.

ಅದರ ಕ್ರಯವನ್ನು ಅವನ ಮನೆಯವರೇ ಮೊದಲು ತೆರಬೇಕಾಯಿತು. ೧೮೬೪ನೆಯ ಇಸವಿ ಸಪ್ಟಂಬರ ೩ರಲ್ಲಿ ಸ್ಟಾಕ್‌ಹೋಮಿನ ಹೆಲೆನೆಬೋರ್ಗ್ ಎಂಬಲ್ಲಿದ್ದ ಅವರ ಎಣ್ಣೆಯ ಮನೆಯು ಸಿಡಿದು ನೆಲಸಮವಾಯಿತು. ಸತ್ತವರಲ್ಲಿ ಎಮಿಲನು ಒಬ್ಬನು. ಅವನಿಗೆ ಆಗ ಇಪ್ಪತ್ತೊಂದು ವರುಷವೂ ತುಂಬಿರಲಿಲ್ಲ. ಸ್ವಲ್ಪ ದಿವಸಗಳಲ್ಲಿ ತಂದೆಯು ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದನು. ಪಟ್ಟಣದೊಳಗೆ ಈ ಎಣ್ಣೆಯನ್ನು ಮಾಡಬಾರದೆಂದು ಅಧಿಕಾರಿಗಳು ನಿಷೇಧಿಸಿದರು. ಆಲ್ಫ್ರೆಡನು ಒಂದು ದೊಡ್ಡ ದೋಣಿಯನ್ನು ಮೆಲರೆನ್ ಎಂಬ ಸರೋವರದ ನಡುವೆ ನಿಲ್ಲಿಸಿ, ಜನವಸತಿಗೆ ದೂರವಾಗಿ ಅದರೊಳಗೆ ಕೆಲಸವನ್ನು ಮುಂದರಿಸಿದನು. ಇದನ್ನು ಕಲ್ಲೆದೆಯೆನ್ನಬೇಕೋ ಧೈರ್ಯವೆನ್ನಬೇಕೋ ವಾಚಕರೇ ವಿಚಾರಿಸಲಿ. ತಮ್ಮನ ಪ್ರಾಣವನ್ನು ತೆಗೆದದ್ದನ್ನು ಹಾಗೆಯೇ ಬಿಡಲಾರದೆ, ಅದನ್ನು ಹದಕ್ಕೆ ತರಬೇಕೆಂದು ಅವನು ಹಟಹಿಡಿದ ಹಾಗೆ ನಮಗೆ ಕಾಣುತ್ತದೆ.

ಎಣ್ಣೆಯು ಡಬ್ಬಿಗಳಲ್ಲಿ ದೇಶದೇಶಗಳಿಗೆ ಹೋಯಿತು. ಅದರ ಹಿಂದೆಯೇ ಮರಣವೂ ಹೋಯಿತು. ೧೮೬೬ರ ಏಪ್ರಿಲ್ ತಿಂಗಳಲ್ಲಿ ಪನಾಮಾದ ಕಡಲತೀರದಲ್ಲಿ ಒಂದು ಹಡಗು ಸಿಡಿದು ಅನೇಕರು ಸತ್ತರು. ಅದೇ ತಿಂಗಳಲ್ಲಿ ಅಮೇರಿಕದ ಸಾನ್ ಫ್ರಾನ್ಸಿಸ್ಕೋ ಪಟ್ಟಣದಲ್ಲಿ ಸೋರುತ್ತಿದ್ದ ಒಂದು ಪೆಟ್ಟಿಗೆಯನ್ನು ಬಿಚ್ಚುವಾಗ ಒಂದು ಕಚೇರಿಯೇ ಹಾರಿಹೋಯಿತು. ಹಂಬುರ್ಗಿನ ಸಮೀಪದ ಕ್ರ್ಯುಮ್ಮೆಲ್ ಎಂಬಲ್ಲಿದ್ದ ನೊಬೆಲನ ಸ್ವಂತ ಕಾರ್ಖಾನೆಯೂ ಅದೇ ವರುಷದಲ್ಲಿ ಹಾಳಾಯಿತು. ಎಣ್ಣೆಯು ದ್ರವವಾಗಿರುವ ವರೆಗೆ ಅದು ಸೋರದೆ, ಅಲುಗಾಡದೆ ಇರಲಾರದು ಎಂದು ಸ್ಪಷ್ಟವಾಯಿತು. ಆದದರಿಂದ ಇದನ್ನು ಯಾವದಾದರೂ ಪುಡಿಗೆ ಹೀರಿಸಬೇಕೆಂದು ಅವನು ಇದ್ದಲು, ಮರದ ಹೊಟ್ಟು ಮೊದಲಾದವುಗಳನ್ನು ಪರೀಕ್ಷಿಸಿದನು. ಕಡೆಗೆ ಕೀಸೆಲ್‌ಗೂರ್ ಎಂಬ ಹಗುರವಾದ ಮಣ್ಣು ದೊರಕಿತು. ಪೂರ್ವಕಾಲದಲ್ಲಿ ನೀರಿನಲ್ಲಿದ್ದ ಅತಿ ಸೂಕ್ಷ್ಮವಾದ ಜೀವಿಗಳ ಚಿಪ್ಪುಗಳಿಂದ ಉಂಟಾದ ಈ ಮಣ್ಣು ತನ್ನ ತೂಕಕ್ಕೆ ಮೂರರಷ್ಟು ಎಣ್ಣೆಯನ್ನು ಹೀರಿಕೊಂಡು ಹಿಟ್ಟಿನ ಮುದ್ದೆಯಂತಾಗುವದು. ಅದನ್ನು ಕೋಲಿನಾಕಾರಕ್ಕೆ ತಂದು ಕಾಗದ ಸುತ್ತಿದರೆ ಕುಳಿಯೊಳಗೆ ಇಳಿಸುವದಕ್ಕೆ ಅನುಕೂಲ. ಕೇಪಿನ ಪೆಟ್ಟು ತಗಲುವ ವರೆಗೆ ಅದು ಬಹಳ ಮಟ್ಟಿಗೆ ಸುಮ್ಮನಿರುವದು. ೧೮೬೭ರಲ್ಲಿ ಇದಕ್ಕೆ ಹಕ್ಕುಪತ್ರವನ್ನು ಪಡೆದು, ಬಲವೆಂಬರ್ಥದ ಗ್ರೀಕ್ ಶಬ್ದದಿಂದ ಡೈನಮೈಟು ಎಂದು ಹೆಸರಿಟ್ಟನು. ೧೮೭೫ರಲ್ಲಿ ಇನ್ನೂ ಬಲವಾದದ್ದೂ ನೀರಿನಲ್ಲಿ ಕೆಡದಂಥದೂ ಆದ ಅಂಟಿನಂತಹ ಸಿಡಿಮದ್ದನ್ನು ಕಂಡುಹಿಡಿದನು.

ಇದರ ಉಪಯೋಗವು ಬೇಗನೆ ಲೋಕದಲ್ಲೆಲ್ಲಾ ಹಬ್ಬಿತು. ಬಾಸೆಲ್ ಪಟ್ಟಣದ ಹೆಸರನ್ನು ನಮ್ಮ ವಾಚಕರು ಬಲ್ಲರು. ಅದೇ ಸ್ವಿಟ್ಜರ್ಲೆಂಡ್ ದೇಶದ ಗೋಟ್‌ಹಾರ್ಡ್ ಪರ್ವತದಲ್ಲಿ ೧೮೭೨ರಿಂದ ೧೮೮೨ರ ವರೆಗೆ ಸುಮಾರು ೧೫ ಕಿಲೋಮೀಟರ್ ಉದ್ದದ ರೈಲು ಸುರಂಗವನ್ನು ಡೈನಮೈಟಿನ ಸಹಾಯದಿಂದ ಕೊರೆದರು. ನಮ್ಮ ಕರ್ನಾಟಕದ ಕೋಲಾರದಲ್ಲಿ ೧೮೮೦ರಿಂದ ಜಾನ್ ಟೇಲರ್ ಮತ್ತು ಮಕ್ಕಳ ಕಂಪೆನಿಯವರು ಚಿನ್ನದ ಗಣಿಯನ್ನು ಕೈಕೊಂಡರು. ಅಲ್ಲಿಯೂ ಕುಳಿ, ಕೇಪು, ಬತ್ತಿಗಳಿಂದಲೇ ಬಂಡೆಯೊಡೆದು, ಕ್ರಮೇಣ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು. ಆ ಗಣಿಯು ೨೦೦೧ರಲ್ಲಿ ಮುಚ್ಚಿಹೋಯಿತು. ಆದರೆ ಸುರಂಗವನ್ನೂ ಗಣಿಯನ್ನೂ ಹೊಗಳುವಾಗ ಅವುಗಳೊಳಗೆ ದುಡಿದವರನ್ನು ಮರೆಯಬಾರದು. ಗೋಟ್‌ಹಾರ್ಡಿನಲ್ಲಿ ಸುಮಾರು ಇನ್ನೂರು ಮಂದಿ ಕೂಲಿಯವರು ಅಪಘಾತಗಳಿಂದ ಸತ್ತರು. ಅದನ್ನು ಗುತ್ತಿಗೆ ಹಿಡಿದ ಲೂಯಿ ಫಾವ್ರನೂ ೧೮೭೯ರಲ್ಲಿ ಸುರಂಗದೊಳಗೇ ಪ್ರಾಣಬಿಟ್ಟನು. ಡೈನಮೈಟನ್ನು ಮುಟ್ಟಿ ಕೆಲಸಮಾಡುವವರಿಗೆ ಅದರ ಎಣ್ಣೆಯು ಚರ್ಮದಿಂದಲೂ ಉಸಿರಿನಿಂದಲೂ ಒಳಗೆ ಸೇರಿ ವಿಪರೀತವಾದ ತಲೆನೋವು ಬರುತ್ತಿತ್ತು. ಆ ತಲೆನೋವು ನೊಬೆಲನಿಗೂ ತಪ್ಪಲಿಲ್ಲ.

ಅವನು ಧನಿಕನಾದನು. ಜೀವಮಾನದಲ್ಲಿ ೩೫೫ ಹಕ್ಕುಪತ್ರಗಳನ್ನು ಪಡೆದನು. ಅನೇಕ ದೇಶಗಳಲ್ಲಿ ಕಾರ್ಖಾನೆಗಳನ್ನು ಸ್ಥಾಪಿಸಿದನು. ಆದರೆ ಅವನಿಗೆ ಮನೆಯೆಂಬದಿದ್ದಿಲ್ಲ. ಮದುವೆಯಾಗಲಿಲ್ಲ, ಮಕ್ಕಳಿಲ್ಲ. ಪ್ಯಾರಿಸಿನಲ್ಲಿ ದೊಡ್ಡ ಬಂಗಲೆಯಿದ್ದರೂ ದಿವಸಗಳು ರೈಲುಗಾಡಿಯಲ್ಲಿಯೂ ಪತ್ರ ಬರೆಯುವದರಲ್ಲಿಯೂ ಕಳೆದವು. ಅವನ ಸೃಷ್ಟಿಯು ಅವನ ಕೈಯನ್ನು ಮೀರಿ ಹೋಗಿತ್ತು. ೧೮೮೦ರಲ್ಲಿ, ಅವನು ಬೆಳೆದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿಯೇ, ರಷ್ಯಾದ ಚಕ್ರವರ್ತಿಯನ್ನು ಕೊಲ್ಲುವದಕ್ಕಾಗಿ ಅರಮನೆಯೊಳಗೆ ಡೈನಮೈಟನ್ನಿಟ್ಟರು. ಚಕ್ರವರ್ತಿಯು ಉಳಿದು ಕಾವಲಿನ ಸಿಪಾಯಿಗಳು ಸತ್ತರು. ಇದನ್ನು ಇತರರ ದುಷ್ಟತನವೆನ್ನಬಹುದು. ಆದರೆ ೧೮೮೭ರಲ್ಲಿ ನೊಬೆಲನು ತಾನೇ ಬ್ಯಾಲಿಸ್ಟೈಟ್ ಎಂಬ, ಹೊಗೆ ಕಡಿಮೆಯಾದ ಫಿರಂಗಿಯ ಮದ್ದನ್ನು ಕಂಡುಹಿಡಿದು ಸರಕಾರಗಳಿಗೆ ಮಾರಿದನು. ಚರಿತ್ರೆಯನ್ನು ಬರೆಯುವವರು ಇದನ್ನು ಮುಚ್ಚಿಡತಕ್ಕದ್ದಲ್ಲ. ಆಯುಧಗಳು ಅತಿ ಭಯಂಕರವಾದರೆ ಜನಾಂಗಗಳು ಯುದ್ಧಕ್ಕೆ ಹೆದರಿ ಸುಮ್ಮನಾಗುವವೆಂದು ಅವನು ನಂಬಿದ್ದನು. ಅವನು ಸತ್ತು ಇಪ್ಪತ್ತು ವರುಷಗಳು ತುಂಬುವದರೊಳಗೆ ಯುರೋಪಿನ ಮಹಾಯುದ್ಧವು ಆ ನಂಬಿಕೆಯನ್ನು ಸುಳ್ಳುಮಾಡಿತು.

ಅವನ ಸ್ನೇಹಿತಳಾದ ಬೆರ್ಟಾ ಫಾನ್ ಸುಟ್ನರಳು ಬೇರೆ ಅಭಿಪ್ರಾಯವುಳ್ಳವಳಾಗಿದ್ದಳು. ೧೮೭೬ರಲ್ಲಿ ಸ್ವಲ್ಪ ಕಾಲ ಅವನ ಕಾರ್ಯದರ್ಶಿಯಾಗಿದ್ದ ಈ ಸ್ತ್ರೀಯು ಮುಂದೆ ಯುದ್ಧವಿರೋಧದ ಕಾದಂಬರಿಯನ್ನು ಬರೆದು, ಸಮಾಧಾನಕ್ಕಾಗಿ ಊರೂರಿಗೆ ಹೋಗಿ ದುಡಿದಳು. ಇವರ ಪತ್ರವ್ಯವಹಾರವು ಅವನ ಕೊನೆಯ ವರೆಗೆ ನಡೆಯಿತು. ೧೮೮೮ರಲ್ಲಿ ಅಣ್ಣನಾದ ಲುಡ್ವಿಗನೂ ಮರುವರುಷ ತಾಯಿಯೂ ತೀರಿಕೊಂಡರು. ಅವನಿಗೂ ಹೃದಯದ ರೋಗವು ಹಿಡಿಯಿತು. ಆಗ ವೈದ್ಯರು ಅವನಿಗೆ ಹೇಳಿದ ಔಷಧವು ನೈಟ್ರೋಗ್ಲಿಸರಿನ್! ಕೂಲಿಯವರಿಗೆ ತಲೆನೋವು ತರುತ್ತಿದ್ದ ಗುಣವೇ, ಅಂದರೆ ರಕ್ತನಾಳಗಳನ್ನು ಅಗಲಿಸುವ ಗುಣವೇ, ಎದೆನೋವಿನವರಿಗೆ ಉಪಶಮನ ಕೊಡುತ್ತದೆ. ಅವನಾದರೋ ಅದನ್ನು ತೆಗೆದುಕೊಳ್ಳಲು ಒಪ್ಪಲಿಲ್ಲ. ಆ ಔಷಧವು ಹೇಗೆ ಕೆಲಸಮಾಡುತ್ತದೆಂಬ ರಹಸ್ಯವನ್ನು ಬಿಡಿಸಲು ಸಹಾಯವಾದ ಶೋಧಕ್ಕಾಗಿ ೧೯೯೮ರಲ್ಲಿ ಮೂವರು ವಿದ್ವಾಂಸರಿಗೆ ಅವನದೇ ಹೆಸರಿನ ಬಹುಮಾನವು ದೊರಕಿತು.

೧೮೯೫ನೆಯ ಇಸವಿ ನವೆಂಬರ ೨೭ರಲ್ಲಿ ನೊಬೆಲನು ಪ್ಯಾರಿಸಿನಲ್ಲಿ ತನ್ನ ಮರಣಪತ್ರಕ್ಕೆ ರುಜು ಹಾಕಿದನು. ಸುಮಾರು ಮೂರು ಕೋಟಿ ಹತ್ತು ಲಕ್ಷ ಸ್ವೀಡಿಷ್ ಕ್ರೋನರುಗಳ ಆಸ್ತಿಯಲ್ಲಿ ಬಹುಪಾಲನ್ನು ನಿಧಿಯಾಗಿಟ್ಟು, ಅದರ ಬಡ್ಡಿಯನ್ನು ಪ್ರತಿ ವರುಷ ಭೌತಶಾಸ್ತ್ರ, ರಸಾಯನಶಾಸ್ತ್ರ, ವೈದ್ಯ, ಸಾಹಿತ್ಯ, ಸಮಾಧಾನ ಇವುಗಳಲ್ಲಿ ಮನುಷ್ಯಜಾತಿಗೆ ಹಿತಮಾಡಿದವರಿಗೆ, ದೇಶಭೇದವೆಣಿಸದೆ ಕೊಡಬೇಕೆಂದು ಬರೆಸಿದನು. ಮರುವರುಷ ಡಿಸೆಂಬರ ೧೦ರಲ್ಲಿ ಇಟಲಿಯ ಸಾನ್ ರೆಮೋವಿನಲ್ಲಿ ಮರಣಹೊಂದಿದನು. ಬಂಧುಬಳಗದವರಾರೂ ಹತ್ತಿರವಿರಲಿಲ್ಲ, ಸೇವಕರು ಮಾತ್ರವೇ ಇದ್ದರು. ಮರಣಪತ್ರವನ್ನು ಕೆಲವು ಸಂಬಂಧಿಕರು ವಿರೋಧಿಸಿದರು. ಅವನ ತರುಣ ಸಹಾಯಕನಾದ ರಾಗ್ನರ್ ಸೋಲ್ಮನನು ಕಷ್ಟಪಟ್ಟು ಅದನ್ನು ನೆರವೇರಿಸಿದನು. ೧೯೦೧ರಲ್ಲಿ ಮೊದಲಿನ ಬಹುಮಾನಗಳನ್ನು ಕೊಟ್ಟರು. ೧೯೦೫ರಲ್ಲಿ ಸಮಾಧಾನದ ಬಹುಮಾನವು ಬೆರ್ಟಾ ಫಾನ್ ಸುಟ್ನರಳಿಗೆ ಬಂದಿತು. ಮುಂದೆ ಬೆಂಗಳೂರಿನಲ್ಲಿ ನೆಲಸಿದ ಚಂದ್ರಶೇಖರ ವೆಂಕಟರಾಮನ್ನರಿಗೆ ೧೯೩೦ರಲ್ಲಿ ಭೌತಶಾಸ್ತ್ರದ ಬಹುಮಾನವು ಬಂದದ್ದು ನಮ್ಮ ನಾಡಿಗೂ ಸಂತೋಷದ ಸಂಗತಿಯಾಗಿದೆ.

ನೊಬೆಲನ ಡೈನಮೈಟು ಇಂದು ಹೆಚ್ಚಾಗಿ ಹಳೆಯದಾಗಿದೆ. ೨೦ನೆಯ ಶತಮಾನದ ಉತ್ತರಾರ್ಧದಿಂದ ಬೇರೆ ಮದ್ದುಗಳು ಅದರ ಸ್ಥಾನಕ್ಕೆ ಬಂದಿವೆ. ಆದರೆ ಚಿಕ್ಕ ಸಿಡಿತದಿಂದ ದೊಡ್ಡದನ್ನು ಎಬ್ಬಿಸುವ ಅವನ ಯುಕ್ತಿಯು ಉಳಿದಿದೆ. ೧೯೯೮ರಲ್ಲಿ ಪೂರ್ತಿಯಾದ ಕೊಂಕಣ ರೈಲುದಾರಿಯು ತೊಂಬತ್ತಕ್ಕೂ ಹೆಚ್ಚು ಸುರಂಗಗಳ ಮೂಲಕ ನಮ್ಮ ಕರಾವಳಿಯನ್ನು ಮುಂಬಯಿಗೂ ಮಂಗಳೂರಿಗೂ ಸೇರಿಸಿತು. ಬಂಡೆಯನ್ನೊಡೆಯುವ ವಿದ್ಯೆಯಿಲ್ಲದಿದ್ದರೆ ಆ ದಾರಿಯು ಎಲ್ಲಿಂದ ಬಂದೀತು?

ಅದೇ ವಿದ್ಯೆಯನ್ನು ಹೊಳೆಯ ಮಡುವಿಗೆ ತೋಟೆಯೆಸೆದು ಮೀನು ಹಿಡಿಯುವದಕ್ಕೆ ಉಪಯೋಗಿಸುವವರೂ ಉಂಟು. ಒಂದು ಹೊತ್ತಿನ ಊಟಕ್ಕಾಗಿ ಮರಿಗಳೊಡನೆ ಮಡುವೇ ಬರಿದಾಗುವದು; ಎಷ್ಟೋ ಸಾರಿ ಎಸೆದವನ ಕೈಯೂ ಹೋಗುವದು. ಹಿಂದೂಸ್ಥಾನದಲ್ಲಿ ಸಿಡಿಮದ್ದುಗಳ ಕಾಯಿದೆಯು ೧೮೮೪ರಲ್ಲಿಯೂ, ಹೀಗೆ ಮೀನು ಕೊಲ್ಲುವದನ್ನು ನಿಷೇಧಿಸುವ ಕಾಯಿದೆಯು ೧೮೯೭ರಲ್ಲಿಯೂ ಹುಟ್ಟಿದವು. ಆದರೆ ಕಾಯಿದೆಯ ಕಣ್ಣು ಪ್ರತಿಯೊಂದು ಮಡುವಿನ ಬಳಿಯಲ್ಲಿರದು. ಬಲವನ್ನು ಕಾದಿರುವಂತೆ ಮಾಡಲು ನೊಬೆಲನು ಕಲಿಸಿದನು. ಅದನ್ನು ಯಾವದಕ್ಕಾಗಿ ಕರೆಯತಕ್ಕದ್ದೆಂಬದನ್ನು ಕೇಪೂ ಬತ್ತಿಯೂ ಕಲಿಸಲಾರವು. ಆ ಲೆಕ್ಕವನ್ನು ಅವನು ತನ್ನ ಜೀವಮಾನದ ಕೊನೆಯಲ್ಲಿ ಒಪ್ಪಿಸಲು ಯತ್ನಿಸಿದನು. ಕೈಯಲ್ಲಿ ಬತ್ತಿ ಹಿಡಿದವನು ಅದನ್ನು ಮೊದಲೇ ಮಾಡಿಕೊಳ್ಳುವದು ಒಳ್ಳೇದು.