ಕುದ್ಮುಲ್ ರಂಗರಾಯರ ಪಾಠಶಾಲೆ

ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯಂಥ ಯಾವ ಊರಿನ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋದರೂ, ಮಧ್ಯಾಹ್ನದ ಗಂಟೆಯಾದೊಡನೆ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕುಳಿತುಕೊಳ್ಳುವುದನ್ನು ಇಂದು ಕಾಣಬಹುದು. ಹಸಿದ ಹೊಟ್ಟೆಗೆ ಅಕ್ಷರ ಹತ್ತದೆಂಬುದನ್ನು ಸರ್ಕಾರವೂ ಒಪ್ಪಿದೆ. 2002ರಲ್ಲಿ ನಮ್ಮ ನಾಡಿನಲ್ಲಿ ಆರಂಭವಾದ ಅಕ್ಷರ ದಾಸೋಹ ಆ ಒಪ್ಪಿಗೆಯ ಫಲ. ಆದರೆ ಸುಮಾರು ಒಂದು ಶತಮಾನದಷ್ಟು ಹಿಂದೆಯೇ ಮಂಗಳೂರಿನ ವಕೀಲರೊಬ್ಬರು ಈ ಸತ್ಯವನ್ನು ಮನಗಂಡಿದ್ದರು. ಅದನ್ನು ಆಚರಿಸಿ, ಅದರ ಬೆಲೆಯನ್ನೂ ತೆತ್ತರು. ಅವರೇ ಕುದ್ಮುಲ್ ರಂಗರಾಯರು.

ರಂಗರಾಯರು ಹುಟ್ಟಿದ್ದು 1859ರಲ್ಲಿ, ಕಾಸರಗೋಡು ಸೀಮೆಯ ಕುದ್ಮುಲ್ ಎಂಬಲ್ಲಿ, ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ. ಹದಿಹರೆಯದಲ್ಲಿಯೇ ಮಂಗಳೂರಿಗೆ ಬಂದು, ತಿಂಗಳಿಗೆ ಎಂಟು ರೂಪಾಯಿಯ ಉಪಾಧ್ಯಾಯ ವೃತ್ತಿಯಿಂದ ಜೀವನವನ್ನು ಆರಂಭಿಸಿದರು. ಮುಂದೆ ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ನ್ಯಾಯಾಲಯದಲ್ಲಿ ಹೆಸರು ಪಡೆದರು. ಬ್ರಹ್ಮಸಮಾಜದ ವಿಚಾರಗಳು ಆಗ ಮಂಗಳೂರಿನಲ್ಲಿ ಹರಡುತ್ತಿದ್ದವು. ಅವು ರಾಯರ ಮನಸ್ಸನ್ನೂ ಸೆಳೆದವು. ಸುಖವಾಗಿ ಬಾಳಲು ಬೇಕಾದುದೆಲ್ಲ ಅವರಿಗಿತ್ತು. ಆದರೆ ಅವರ ಕಣ್ಣು ಊರ ಹೊರಗಿನ ಗುಡಿಸಲುಗಳ ಕಡೆಗೆ ಹೊರಳಿತು.

ಅಸ್ಪೃಶ್ಯರೆಂದು ದೂರವಿಟ್ಟಿದ್ದ ಜನರ ಮಕ್ಕಳಿಗೆ ಅಂದು ಶಾಲೆಯ ಜಗಲಿಯೂ ದುರ್ಲಭವಾಗಿತ್ತು. 1892ರಲ್ಲಿ ರಾಯರು ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಅವರಿಗಾಗಿ ಒಂದು ಶಾಲೆಯನ್ನು ತೆರೆದರು. ಬಾಗಿಲು ತೆರೆದ ಮಾತ್ರಕ್ಕೆ ಮಕ್ಕಳು ಬರುವರೆ? ಹೊಟ್ಟೆಗಿಲ್ಲದ ಮನೆಯಲ್ಲಿ ಎಳೆಯ ಕೈಗಳೂ ದುಡಿಯಬೇಕು. ಮಗು ಪಾಠಕ್ಕೆ ಕುಳಿತ ದಿನ ಆ ಮನೆಗೆ ಅಷ್ಟು ಗಳಿಕೆ ಕಡಿಮೆಯಾಗುತ್ತಿತ್ತು. ಇದರ ಮೇಲೆ ಮೇಲುಜಾತಿಯವರ ಭಯ ಬೇರೆ. ಮಗು ಶಾಲೆಗೆ ಬಾರದಿದ್ದರೆ ಅದು ದಡ್ಡತನವೆಂದೋ ಸೋಮಾರಿತನವೆಂದೋ ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಒಮ್ಮೆ ಉಪಾಧ್ಯಾಯರಾಗಿದ್ದ ರಾಯರು ಹಾಗೆ ಮಾಡಲಿಲ್ಲ. ಮಗುವಿನ ತೊಡಕು ಪುಸ್ತಕದಲ್ಲಿಲ್ಲ, ಅದರ ಬದುಕಿನಲ್ಲಿದೆ ಎಂದು ಕಂಡುಕೊಂಡರು. ಶಾಲೆಗೆ ಬಂದ ಮಕ್ಕಳಿಗೆ ಮಧ್ಯಾಹ್ನದ ಊಟವನ್ನು ಏರ್ಪಡಿಸಿದರು. ಹಾಜರಾದ ಪ್ರತಿಯೊಂದು ಮಗುವಿಗೂ ದಿನಕ್ಕೆ ಎರಡು ಪೈಸೆಯಂತೆ ಕೊಡಿಸಿದರು. ಆ ಎರಡು ಪೈಸೆಯನ್ನು ದಾನವೆಂದು ಭಾವಿಸಬಾರದು. ಮಗುವನ್ನು ಬಿಟ್ಟುಕೊಟ್ಟ ಬಡತಾಯಿಗೆ ಆಗುವ ನಷ್ಟವನ್ನು ಶಾಲೆಯೂ ಹೊರಬೇಕೆಂಬ ನ್ಯಾಯ ಅದರಲ್ಲಿತ್ತು.

ಈ ನ್ಯಾಯ ಊರಿಗೆ ರುಚಿಸಲಿಲ್ಲ. ಸ್ವಜಾತಿಯವರು ರಾಯರಿಗೆ ಬಹಿಷ್ಕಾರ ಹಾಕಿದರು. ಶಾಲೆಗೂ ಬಗೆಬಗೆಯ ವಿರೋಧ ಬಂದಿತು. ರಾಯರು ಎದೆಗುಂದಲಿಲ್ಲ. 1897ರಲ್ಲಿ ದಲಿತೋದ್ಧಾರಕ್ಕೆಂದೇ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಆಶ್ರಯದಲ್ಲಿ ಜಿಲ್ಲೆಯ ಬೇರೆ ಬೇರೆ ಕಡೆ ಶಾಲೆಗಳು ಹುಟ್ಟಿದವು. ಮಂಗಳೂರಿನ ಶೇಡಿಗುಡ್ಡೆಯಲ್ಲಿ ಪಾಠಶಾಲೆಯ ಜೊತೆಗೆ ವಿದ್ಯಾರ್ಥಿನಿಲಯವೂ ಕೈಕಸುಬಿನ ಶಿಕ್ಷಣವೂ ನೆಲೆಗೊಂಡವು. ನೆಲವಿಲ್ಲದವರಿಗೆ ನೆಲೆ ಕಲ್ಪಿಸಲು ರಾಯರು ದುಡಿದರು. ಮಗುವಿಗೆ ಓದು ಬೇಕಾದರೆ ಮೊದಲು ಅದಕ್ಕೊಂದು ಮನೆ ಬೇಕಲ್ಲವೆ?

ನುಡಿದುದನ್ನು ಮನೆಯೊಳಗೂ ನಡೆಸಿ ತೋರಿಸಿದವರು ಅವರು. ಮಗಳು ರಾಧಾಬಾಯಿಯವರ ವಿವಾಹ ಜಾತಿಯ ಗೆರೆ ದಾಟಿ ಪಿ. ಸುಬ್ಬರಾಯನ್ ಅವರೊಡನೆ ನಡೆಯಿತು. ಆ ಅಳಿಯಂದಿರು ಮುಂದೆ ಮದರಾಸು ಪ್ರಾಂತದ ಪ್ರಥಮ ಸಚಿವರಾದರು. ರಾಯರು ಕೊನೆಗಾಲದಲ್ಲಿ ಸಂನ್ಯಾಸವನ್ನು ಸ್ವೀಕರಿಸಿ ಈಶ್ವರಾನಂದ ಸ್ವಾಮಿಗಳಾದರು. 1928ರ ಜನವರಿ 30ರಂದು ದೇಹವನ್ನು ಬಿಟ್ಟರು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಅವರ ಸಂಸ್ಥೆಯನ್ನು ಕಂಡು ಹೋದರು. ಇಂದು ಮಂಗಳೂರಿನ ಪುರಭವನಕ್ಕೆ ರಾಯರ ಹೆಸರಿದೆ.

ರಾಯರದೊಂದು ಹಂಬಲ ಕರಾವಳಿಯಲ್ಲಿ ಮನೆಮಾತಾಗಿದೆ. ತಮ್ಮ ಶಾಲೆಯಲ್ಲಿ ಕಲಿತ ಮಗು ದೊಡ್ಡ ಅಧಿಕಾರಿಯಾಗಿ ವಾಹನದಲ್ಲಿ ಊರ ಬೀದಿಯಲ್ಲಿ ಸಾಗಬೇಕು. ಅದರ ಚಕ್ರದಿಂದೆದ್ದ ಧೂಳು ತಮ್ಮ ತಲೆಯ ಮೇಲೆ ಬಿದ್ದರೆ ಜನ್ಮ ಸಾರ್ಥಕ ಎಂದು ಅವರು ಬಗೆದಿದ್ದರಂತೆ. ಉಪಾಧ್ಯಾಯನೊಬ್ಬನು ಇದಕ್ಕಿಂತ ಹೆಚ್ಚಿನ ಗುರುದಕ್ಷಿಣೆಯನ್ನು ಕೇಳಲಾರನು.

ಊಟದ ಚಿಂತೆಯನ್ನು ಈಗ ಸರ್ಕಾರ ಹೊತ್ತಿದೆ. ಆದರೂ ತರಗತಿಯ ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತ ಮಗು ಇನ್ನೂ ಇದೆ. ತಂದೆಯ ಕುಡಿತ, ತಾಯಿಯ ಕಾಯಿಲೆ, ಗುಳೆ ಹೋದ ಮನೆ, ಗೆಳೆಯರ ಮೂದಲಿಕೆ — ಯಾವುದೋ ಒಂದು ಭಾರ ಅದರ ಎದೆಯ ಮೇಲಿರಬಹುದು. ಪಾಠ ಒಪ್ಪಿಸಲಿಲ್ಲವೆಂದು ಗದರಿಸುವ ಮುನ್ನ ಇಂದು ಏನಾದರೂ ಉಂಡೆಯಾ, ಮನೆಯಲ್ಲಿ ಏನಾಗಿದೆ ಎಂದು ಪಕ್ಕದಲ್ಲಿ ಕುಳಿತು ವಿಚಾರಿಸುವ ಗುರುವು ದೊರೆತ ಶಾಲೆಯೇ ರಂಗರಾಯರ ಶಾಲೆ. ಅದಕ್ಕೆ ಬೇರೆ ನಾಮಫಲಕ ಬೇಕಾಗಿಲ್ಲ.